ಅಣುಬಾಂಬಿಗೆ ಬದಲಿ ಉಂಟಾ? ಜತ್‌ನ ಬಾವಿಯಿಂದ ಬೈರೂತ್ ಬಂದರಿನವರೆಗೆ ಸ್ಫೋಟಕಗಳ ಒಂದು ಲೆಕ್ಕ

ಯುದ್ಧದ ಸುದ್ದಿ ಬಂದಾಗೆಲ್ಲ ವಾಟ್ಸಪ್ ಗ್ರೂಪುಗಳಲ್ಲಿ ಒಂದು ಮಾತು ಓಡಾಡುತ್ತದೆ. ‘ಅಣುಬಾಂಬಿನಷ್ಟೇ ಶಕ್ತಿ, ಆದರೆ ವಿಕಿರಣ ಇಲ್ಲ, ಅಂಥ ಹೊಸ ಸ್ಫೋಟಕ ತಯಾರಾಗಿದೆ’ ಅಂತ. ಜೊತೆಗೆ ಒಂದು ದೊಡ್ಡ ಹೊಗೆ ಮೋಡದ ವಿಡಿಯೋ. ಯುವಕರು ಫಾರ್ವರ್ಡ್ ಮಾಡುತ್ತಾರೆ, ಹಿರಿಯರು ನಂಬುತ್ತಾರೆ. ಇದು ನಿಜವೇ?

ಚಿಕ್ಕ ಉತ್ತರ: ಇಲ್ಲ. ರಾಸಾಯನಿಕ ಸ್ಫೋಟಕ ಎಷ್ಟೇ ಮುಂದುವರಿದರೂ ಅಣುಬಾಂಬಿನ ಶಕ್ತಿಗೆ ಸಾಟಿಯಾಗುವುದಿಲ್ಲ. ಆದರೆ ಕೆಲವು ಕೆಲಸಗಳಲ್ಲಿ ಅದು ಅಣುಸ್ಫೋಟದ ಜಾಗವನ್ನು ನಿಜವಾಗಿಯೂ ತೆಗೆದುಕೊಂಡಿದೆ. ಹೇಗೆ, ಎಲ್ಲಿ, ಯಾವ ಬೆಲೆಗೆ ಎಂಬುದನ್ನು ತಿಳಿಯಲು ನಾವು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಗಡಿಯಾಚೆ ಇರುವ ಒಂದು ಕನ್ನಡ ತಾಲೂಕಿನ ಬಾವಿಯಿಂದ ಶುರು ಮಾಡಿದರೆ ಸಾಕು.

ಜತ್: ಕಲ್ಲಿನ ಮೇಲಿನ ತಾಲೂಕು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ ತಾಲೂಕು ನಮ್ಮ ಅಥಣಿ, ವಿಜಯಪುರ, ಇಂಡಿ ಕಡೆಗೆ ತಾಗಿಕೊಂಡಿದೆ. ಉಮದಿ, ಸಂಖ ಮುಂತಾದ ಪೂರ್ವಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಮಳೆ ಕಡಿಮೆ, ಬರ ಜಾಸ್ತಿ. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಇಲ್ಲಿನ ಹಲವು ಗ್ರಾಮ ಪಂಚಾಯತಿಗಳು ಹಿಂದೆ ಠರಾವು ಮಾಡಿದ್ದವು. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ನೆನಪಿಸಿದಾಗ ಎರಡೂ ರಾಜ್ಯಗಳಲ್ಲಿ ದೊಡ್ಡ ಗದ್ದಲ ಎದ್ದಿತ್ತು.

ನಮ್ಮ ಕರಾವಳಿಯಲ್ಲಿ ಬಾವಿ ತೋಡುವುದು ಬೇರೆ ರೀತಿ. ಇಲ್ಲಿ ಮೇಲೆ ಕೆಂಪುಕಲ್ಲು, ಅದರ ಕೆಳಗೆ ಜೇಡಿ. ಪಿಕ್ಕಾಸು, ಹಾರೆ ಹಿಡಿದ ನಾಲ್ಕು ಜನ ಸಾಕಾಗುತ್ತಿದ್ದರು. ಜತ್‌ನಲ್ಲಿ ಹಾಗಲ್ಲ. ಅದು ದಖ್ಖನ್ ಪ್ರಸ್ಥಭೂಮಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದ ಕರಿಬಂಡೆ, ಬಸಾಲ್ಟ್. ಈ ಬಂಡೆ ಹೀರುವುದಿಲ್ಲ. ನೀರು ಇದ್ದರೆ ಅದರ ಬಿರುಕುಗಳಲ್ಲಿ, ಸವೆದ ಪದರಗಳಲ್ಲಿ ಮಾತ್ರ. ಹಾಗಾಗಿ ದಖ್ಖನ್ನಿನ ರೈತರು ಅಗಲವಾದ ಬಾವಿ ತೆಗೆಯುತ್ತಾರೆ. ಮೇಲಿನ ಮಣ್ಣು ಮುಗಿದ ಮೇಲೆ ಬಂಡೆಗೆ ತೂತು ಕೊರೆದು ಮದ್ದು ಇಟ್ಟು ಸಿಡಿಸಬೇಕು. ಒಡೆದ ಕಲ್ಲನ್ನು ಕ್ರೇನಿನಲ್ಲಿ ಮೇಲೆತ್ತಬೇಕು. ಮತ್ತೆ ಕೊರೆಯಬೇಕು, ಮತ್ತೆ ಸಿಡಿಸಬೇಕು.

ಅಂದರೆ ಇಂಥ ಊರಿನ ರೈತನಿಗೆ ಸ್ಫೋಟಕ ಅಂದರೆ ಯುದ್ಧವಲ್ಲ, ನೀರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಅಣುಸ್ಫೋಟವನ್ನೂ ಒಂದು ಕಾಲದಲ್ಲಿ ಇದೇ ಹೆಸರಿನಲ್ಲಿ, ನೀರಿನ ಹೆಸರಿನಲ್ಲಿ, ಜಗತ್ತಿಗೆ ಮಾರಲು ಹೊರಟಿದ್ದರು. ಅದಕ್ಕೆ ಹೋಗುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ.

ಸ್ಫೋಟಕದ ಗುಟ್ಟು ಶಕ್ತಿಯಲ್ಲಿಲ್ಲ, ವೇಗದಲ್ಲಿದೆ

ಒಂದು ಕೆಜಿ ಟಿಎನ್‌ಟಿ ಸಿಡಿದಾಗ ಬರುವ ಶಕ್ತಿ ಸುಮಾರು 4.2 ಮೆಗಾಜೌಲ್. ಒಂದು ಕೆಜಿ ತೆಂಗಿನೆಣ್ಣೆ ಉರಿದಾಗ ಬರುವ ಶಕ್ತಿ ಸುಮಾರು 37 ಮೆಗಾಜೌಲ್, ಅಂದರೆ ಹತ್ತಿರ ಹತ್ತಿರ 9 ಪಟ್ಟು! ಹಾಗಿದ್ದರೂ ಎಣ್ಣೆ ದೀಪದಲ್ಲಿ ರಾತ್ರಿಯಿಡೀ ಶಾಂತವಾಗಿ ಉರಿಯುತ್ತದೆ. ಎಣ್ಣೆಗೆ ಗಾಳಿಯ ಆಮ್ಲಜನಕ ಬೇಕು, ಅದು ನಿಧಾನವಾಗಿ ಬರುತ್ತದೆ. ಸ್ಫೋಟಕದಲ್ಲಿ ಆಮ್ಲಜನಕ ಅದರ ಅಣುವಿನೊಳಗೇ ಕಟ್ಟಿಕೊಂಡಿರುತ್ತದೆ. ಟಿಎನ್‌ಟಿಯೊಳಗೆ ಸ್ಫೋಟದ ಅಲೆ ಸೆಕೆಂಡಿಗೆ ಸುಮಾರು 6,900 ಮೀಟರ್ ವೇಗದಲ್ಲಿ ಓಡುತ್ತದೆ. ಅಷ್ಟು ಬೇಗ ಹೊರಬರುವ ಬಿಸಿ ಅನಿಲದ ಒತ್ತಡವೇ ಬಂಡೆ ಒಡೆಯುವುದು, ಗೋಡೆ ಬೀಳಿಸುವುದು.

ಹೊಸ ಸ್ಫೋಟಕಗಳು ಮಾಡುವುದೂ ಇದನ್ನೇ. ಅದೇ ಜಾಗದಲ್ಲಿ ಇನ್ನಷ್ಟು ಶಕ್ತಿ ತುಂಬುವುದು, ಇನ್ನಷ್ಟು ವೇಗವಾಗಿ ಬಿಡಿಸುವುದು. ಟಿಎನ್‌ಟಿ ನಂತರ ಆರ್‌ಡಿಎಕ್ಸ್, ಎಚ್‌ಎಂಎಕ್ಸ್ ಬಂದವು. 1987ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಸಿಎಲ್-20 ತಯಾರಾಯಿತು. ನಮ್ಮ ಪುಣೆಯಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯವೂ ಅದರ ಮೇಲೆ ಕೆಲಸ ಮಾಡಿದೆ. 2024ರಲ್ಲಿ ನಾಗ್ಪುರದ ಕಂಪೆನಿಯೊಂದರ ‘ಸೆಬೆಕ್ಸ್-2’ ಎಂಬ ಸ್ಫೋಟಕವನ್ನು ಭಾರತೀಯ ನೌಕಾಪಡೆ ಪರೀಕ್ಷಿಸಿ ಪ್ರಮಾಣೀಕರಿಸಿತು. ಅದು ತೂಕಕ್ಕೆ ತೂಕ ಟಿಎನ್‌ಟಿಯ 2.01 ಪಟ್ಟು ಎಂದು ಸುದ್ದಿಯಾಯಿತು.

ಎರಡು ಪಟ್ಟು ಅಂದರೆ ಈ ಕ್ಷೇತ್ರದಲ್ಲಿ ದೊಡ್ಡ ಸಾಧನೆಯೇ. ಈಗ ಅಣುಬಾಂಬನ್ನು ಪಕ್ಕದಲ್ಲಿಟ್ಟು ನೋಡಿ.

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಶಕ್ತಿ ಸುಮಾರು 15 ಕಿಲೋಟನ್, ಅಂದರೆ 15,000 ಟನ್ ಟಿಎನ್‌ಟಿಗೆ ಸಮ. ಅದರಲ್ಲಿ ಇದ್ದದ್ದು ಸುಮಾರು 64 ಕೆಜಿ ಯುರೇನಿಯಂ. ಅದರಲ್ಲೂ ನಿಜವಾಗಿ ವಿದಳನವಾದದ್ದು ಒಂದು ಕೆಜಿಗಿಂತ ಕಡಿಮೆ. ಅದೇ ಶಕ್ತಿಯನ್ನು ಟಿಎನ್‌ಟಿಯಲ್ಲಿ ಸಾಗಿಸಬೇಕಾದರೆ 10 ಟನ್ ಹೊರುವ 1,500 ಲಾರಿ ಬೇಕು. ಎರಡು ಪಟ್ಟು ಶಕ್ತಿಯ ಹೊಸ ಸ್ಫೋಟಕದಲ್ಲಾದರೆ 750 ಲಾರಿ. ಉಳಿದದ್ದು ನೀವೇ ಯೋಚಿಸಿ.

ಕಾರಣ ಸರಳ. ರಾಸಾಯನಿಕ ಸ್ಫೋಟದಲ್ಲಿ ಪರಮಾಣುಗಳ ನಡುವಿನ ಬಂಧ ಮಾತ್ರ ಮುರಿದು ಹೊಸದಾಗಿ ಕೂಡುತ್ತದೆ. ಅಣುಸ್ಫೋಟದಲ್ಲಿ ಪರಮಾಣುವಿನ ಬೀಜವೇ ಒಡೆಯುತ್ತದೆ. ಈ ಎರಡರ ನಡುವೆ ಕೋಟಿ ಪಟ್ಟಿನ ಆಸುಪಾಸಿನ ಅಂತರ ಇದೆ. ಅದನ್ನು ಯಾವ ರಸಾಯನಶಾಸ್ತ್ರಜ್ಞನೂ ದಾಟಲಾರ.

ಕಾಲುವೆ ತೋಡಲು ಅಣುಬಾಂಬು!

ಈಗ ನೀರಿನ ಕತೆಗೆ ಬರೋಣ. 1957ರಲ್ಲಿ ಅಮೆರಿಕ ‘ಪ್ಲೋಶೇರ್’ ಎಂಬ ಯೋಜನೆ ಶುರು ಮಾಡಿತು. ಹೆಸರಿನ ಅರ್ಥ ನೇಗಿಲ ಗುಳ. ಅಣುಸ್ಫೋಟದಿಂದ ಬಂದರು, ಕಾಲುವೆ, ಜಲಾಶಯ ತೋಡುವುದು ಗುರಿ. ಪನಾಮಾ ಕಾಲುವೆಗೆ ಬದಲಿಯಾಗಿ ಇನ್ನೊಂದು ಕಾಲುವೆಯನ್ನೇ ಹೀಗೆ ತೆಗೆಯುವ ಯೋಚನೆ ಇತ್ತು. 1962ರ ಜುಲೈ 6ರಂದು ನೆವಾಡಾ ಮರುಭೂಮಿಯಲ್ಲಿ ‘ಸೆಡಾನ್’ ಪರೀಕ್ಷೆ ನಡೆಯಿತು. 104 ಕಿಲೋಟನ್. ಸುಮಾರು 390 ಮೀಟರ್ ಅಗಲ, 100 ಮೀಟರ್ ಆಳದ ಗುಂಡಿ ಒಂದೇ ಏಟಿಗೆ ಆಯಿತು. ಗುಂಡಿ ಆಯಿತು ನಿಜ, ಆದರೆ ವಿಕಿರಣದ ಧೂಳು ಗಾಳಿಯಲ್ಲಿ ಹಲವು ರಾಜ್ಯಗಳ ಮೇಲೆ ಹೋಯಿತು. 1977ರಲ್ಲಿ ಯೋಜನೆಯನ್ನು ಮುಚ್ಚಿದರು. ಒಂದೇ ಒಂದು ಕಾಲುವೆಯೂ ತೋಡಲ್ಪಡಲಿಲ್ಲ.

ಸೋವಿಯತ್ ಒಕ್ಕೂಟ ಇನ್ನೂ ಮುಂದೆ ಹೋಯಿತು. 1965ರ ಜನವರಿ 15ರಂದು ಈಗಿನ ಕಝಾಕಿಸ್ತಾನದ ಚಗಾನ್ ಎಂಬಲ್ಲಿ ಸುಮಾರು 140 ಕಿಲೋಟನ್ ಅಣುಸ್ಫೋಟ ಮಾಡಿ ಕೆರೆ ನಿರ್ಮಿಸಿತು. ಬರದ ನಾಡಿಗೆ ನೀರು ನಿಲ್ಲಿಸುವುದು ಉದ್ದೇಶ. ಆ ಕೆರೆ ಇವತ್ತಿಗೂ ಇದೆ. ಆದರೆ ವಿಕಿರಣದಿಂದಾಗಿ ಅದರ ನೀರನ್ನು ಜನ ನಂಬುವಂತಿಲ್ಲ.

ಅದೇ ಕಝಾಕಿಸ್ತಾನದಲ್ಲಿ, ಒಂದೆರಡು ವರ್ಷಗಳಲ್ಲೇ, ಇನ್ನೊಂದು ಸ್ಫೋಟ ನಡೆಯಿತು. ಆಲ್ಮಾ-ಆಟಾ ನಗರದ ಮೇಲೆ ಬೆಟ್ಟದಿಂದ ಮಣ್ಣು-ಕಲ್ಲಿನ ಪ್ರವಾಹ ನುಗ್ಗುವ ಭಯ ಇತ್ತು. 1966 ಮತ್ತು 1967ರಲ್ಲಿ ಮೆಡೆಯೊ ಕಣಿವೆಯಲ್ಲಿ ಸಾವಿರಾರು ಟನ್ ಸಾಮಾನ್ಯ ಸ್ಫೋಟಕ ಸಿಡಿಸಿ ಬೆಟ್ಟದ ಬದಿಯನ್ನೇ ಕಣಿವೆಗೆ ಬೀಳಿಸಿ ಅಣೆಕಟ್ಟು ಮಾಡಿದರು. 1973ರ ಜುಲೈಯಲ್ಲಿ ದೊಡ್ಡ ಮಣ್ಣಿನ ಪ್ರವಾಹ ಬಂದೇ ಬಂತು. ಆ ಅಣೆಕಟ್ಟು ಅದನ್ನು ತಡೆದು ನಗರವನ್ನು ಉಳಿಸಿತು. ಒಂದು ಕೆರೆ ವಿಷವಾಯಿತು, ಒಂದು ಅಣೆಕಟ್ಟು ಊರು ಕಾಯಿತು. ಸಾಮಾನ್ಯ ಸ್ಫೋಟಕ ಅಣುಸ್ಫೋಟಕ್ಕೆ ಬದಲಿಯಾಗಬಲ್ಲದೇ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗಲಿಕ್ಕಿಲ್ಲ.

ಕೆನಡಾದಲ್ಲಿಯೂ ಹಾಗೆಯೇ. ಹಡಗುಗಳನ್ನು ಮುಳುಗಿಸುತ್ತಿದ್ದ ‘ರಿಪಲ್ ರಾಕ್’ ಎಂಬ ಸಮುದ್ರದಡಿಯ ಬಂಡೆಯನ್ನು 1958ರ ಏಪ್ರಿಲ್ 5ರಂದು ಸುಮಾರು 1,270 ಟನ್ ಸಾಮಾನ್ಯ ಸ್ಫೋಟಕದಿಂದ ಒಡೆದರು. ಅದೇ ದಾರಿಯಲ್ಲಿ ಹಡಗು ಓಡಾಡಿತು.

ನಮ್ಮ ದೇಶದ ಪಾಲು

ಭಾರತವೂ 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಮೊದಲ ಅಣುಸ್ಫೋಟ ಮಾಡಿದಾಗ ಅದನ್ನು ‘ಶಾಂತಿಯುತ ಅಣುಸ್ಫೋಟ’ ಎಂದೇ ಕರೆಯಿತು. ಗಣಿಗಾರಿಕೆ, ಮಣ್ಣು ತೋಡುವ ಕೆಲಸಗಳಿಗೆ ಬಳಸಬಹುದು ಎಂಬ ಮಾತಿತ್ತು. ಆದರೆ ಅಂಥ ಒಂದು ಕೆಲಸವೂ ನಡೆಯಲಿಲ್ಲ. 1998ರ ಮೇ ತಿಂಗಳ ಪರೀಕ್ಷೆಗಳ ಹೊತ್ತಿಗೆ ಅದು ಅಸ್ತ್ರ ಎಂಬುದನ್ನು ಯಾರೂ ಮುಚ್ಚಿಡಲಿಲ್ಲ.

ಜತ್‌ನಂಥ ಜಾಗದಲ್ಲಿ ಅಣುಸ್ಫೋಟದಿಂದ ಕೆರೆ ತೋಡಿದರೆ ಏನಾದೀತು ಎಂದು ಯೋಚಿಸಿ. ಅಲ್ಲಿನ ಕುಡಿಯುವ ನೀರು ಬಂಡೆಯ ಬಿರುಕುಗಳಲ್ಲಿ ಇದೆ ಎಂದೆವು. ಸ್ಫೋಟ ಅದೇ ಬಿರುಕುಗಳನ್ನು ಅಗಲ ಮಾಡುತ್ತದೆ. ವಿಕಿರಣವೂ ಅದೇ ಬಿರುಕುಗಳ ದಾರಿ ಹಿಡಿಯುತ್ತದೆ. ನೀರಿಗಾಗಿ ತೋಡಿ ನೀರನ್ನೇ ಕಳೆದುಕೊಂಡ ಹಾಗೆ.

ಅದೇ ಕರಿಬಂಡೆಯಲ್ಲಿ ಸಾಮಾನ್ಯ ಸ್ಫೋಟಕ ಎಷ್ಟು ನಾಜೂಕಿನ ಕೆಲಸ ಮಾಡಬಲ್ಲದು ಎಂಬುದಕ್ಕೆ ಸಾಂಗ್ಲಿಯ ಪಕ್ಕದ ಸಾತಾರಾ ಜಿಲ್ಲೆಯ ಕೊಯ್ನಾ ಜಲಾಶಯ ಸಾಕ್ಷಿ. ಅಲ್ಲಿ ವಿದ್ಯುತ್ತಿಗಾಗಿ ತುಂಬಿದ ಕೆರೆಯ ಅಡಿಯಿಂದ ನೀರು ತೆಗೆಯಬೇಕಿತ್ತು. ಕೆರೆ ಖಾಲಿ ಮಾಡುವಂತಿಲ್ಲ. ಎಂಜಿನಿಯರುಗಳು ನೆಲದಡಿಯಿಂದ ಸುರಂಗ ತಂದು, ಕೆರೆಯ ತಳಕ್ಕೆ ಸ್ವಲ್ಪವೇ ಬಂಡೆ ಉಳಿಸಿದರು. 1999ರ ಮಾರ್ಚ್ 13ರಂದು ಆ ಬಂಡೆಯ ಬಿರಡೆಯನ್ನು ಸಿಡಿಸಿದರು. ನೀರು ಸುರಂಗಕ್ಕೆ ಇಳಿಯಿತು, ಅಣೆಕಟ್ಟಿಗೆ ಏನೂ ಆಗಲಿಲ್ಲ. 2012ರ ಏಪ್ರಿಲ್ 25ರಂದು ಎರಡನೇ ಬಾರಿ ಇದೇ ಕೆಲಸ ಮಾಡಿದರು. ಇದೇ ಕೊಯ್ನಾ ಪ್ರದೇಶದಲ್ಲಿ 1967ರ ಡಿಸೆಂಬರ್ 11ರಂದು ಭೂಕಂಪವಾಗಿ ಸುಮಾರು 180 ಜನ ಸತ್ತಿದ್ದರು. ಅಂಥ ನೆಲದಲ್ಲಿ ಮೀಟರ್ ಲೆಕ್ಕದಲ್ಲಿ ಅಳೆದು ಸಿಡಿಸುವುದು ಬೇರೆ, ಕಿಲೋಟನ್ ಲೆಕ್ಕದಲ್ಲಿ ಅಲುಗಿಸುವುದು ಬೇರೆ.

ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಗೆ ಸೇರುತ್ತದೆ. ಕೃಷ್ಣೆಯ ನೀರನ್ನು ಮಿರಜ್ ತಾಲೂಕಿನ ಮ್ಹೈಸಾಳದಲ್ಲಿ ಎತ್ತಿ ಏತ ನೀರಾವರಿಯ ಕಾಲುವೆಗಳಲ್ಲಿ ಜತ್ ಕಡೆಗೆ ಹರಿಸುತ್ತಾರೆ. ಪೂರ್ವದ ಕನ್ನಡ ಹಳ್ಳಿಗಳು ತಮಗೂ ಬೇಕೆಂದು ವರ್ಷಗಟ್ಟಲೆ ಕೇಳಿದ್ದು ಈ ನೀರನ್ನೇ. ಪಂಪು, ಕಾಲುವೆ, ಹಣ, ರಾಜಕೀಯ ಮನಸ್ಸು, ಇವು ಸಿಕ್ಕಿದರೆ ನೀರು ಬರುತ್ತದೆ. ದೊಡ್ಡ ಸ್ಫೋಟದಿಂದ ಅಲ್ಲ.

ಯುದ್ಧದಲ್ಲಿ ಬದಲಿ ಎಂದರೆ ಏನು?

ಇನ್ನು ಅಸ್ತ್ರದ ಮಾತು. ಬಳಕೆಯಾದ ಅತಿದೊಡ್ಡ ಸಾಮಾನ್ಯ ಬಾಂಬುಗಳಲ್ಲಿ ಒಂದು ಅಮೆರಿಕದ ‘ಮೋಆಬ್’. 2017ರ ಏಪ್ರಿಲ್ 13ರಂದು ಅಫ್ಘಾನಿಸ್ತಾನದ ನಂಗರ್‌ಹಾರ್ ಪ್ರಾಂತ್ಯದ ಅಚಿನ್‌ನಲ್ಲಿ ಅದನ್ನು ಹಾಕಿದರು. ಶಕ್ತಿ ಸುಮಾರು 11 ಟನ್ ಟಿಎನ್‌ಟಿ. ರಷ್ಯಾ 2007ರಲ್ಲಿ ಪರೀಕ್ಷಿಸಿದ ಬಾಂಬಿಗೆ 44 ಟನ್ ಎಂದು ಹೇಳಿಕೊಂಡಿತು. ಸಾಲಾಗಿ ಇಟ್ಟು ನೋಡಿ:

- ಮೋಆಬ್: 11 ಟನ್
- ರಷ್ಯಾದ ಬಾಂಬು, ಅವರ ಲೆಕ್ಕದಲ್ಲಿ: 44 ಟನ್
- ಹಿರೋಶಿಮಾ: ಸುಮಾರು 15,000 ಟನ್
- ನಾಗಸಾಕಿ: ಸುಮಾರು 21,000 ಟನ್

‘ಅಣುಬಾಂಬಿನಷ್ಟೇ’ ಎಂಬ ಫಾರ್ವರ್ಡಿನ ಬೆಲೆ ಇಷ್ಟೇ.

ಹಾಗಾದರೆ ಸೇನೆಗಳು ಯಾಕೆ ಸಾಮಾನ್ಯ ಸ್ಫೋಟಕಗಳ ಮೇಲೆ ಇಷ್ಟು ಹಣ ಸುರಿಯುತ್ತವೆ? ಉತ್ತರ ಗುರಿಯಲ್ಲಿದೆ. ಸ್ಫೋಟದ ಶಕ್ತಿಯನ್ನು 8 ಪಟ್ಟು ಮಾಡಿದರೆ ಹಾನಿಯ ದೂರ 2 ಪಟ್ಟು ಮಾತ್ರ ಆಗುತ್ತದೆ. 1,000 ಪಟ್ಟು ಮಾಡಿದರೂ ದೂರ 10 ಪಟ್ಟು ಅಷ್ಟೇ. ಹಿಂದೆ ಕ್ಷಿಪಣಿ ಕಿಲೋಮೀಟರ್‌ಗಟ್ಟಲೆ ತಪ್ಪುತ್ತಿತ್ತು, ಆ ತಪ್ಪನ್ನು ಮುಚ್ಚಲು ಅಣುಸಿಡಿತಲೆ ಬೇಕಾಗಿತ್ತು. ಈಗ ಉಪಗ್ರಹ, ಲೇಸರ್ ಸಹಾಯದಿಂದ ಕೆಲವೇ ಮೀಟರ್ ಅಂತರದಲ್ಲಿ ಬೀಳುತ್ತದೆ. ಸೇತುವೆಯೋ ಬಂಕರೋ ಒಡೆಯಲು ನೂರಾರು ಕೆಜಿ ಸಾಕು. ಅಣ್ವಸ್ತ್ರದ ಕೆಲವು ಕೆಲಸಗಳಿಗೆ ಬದಲಿಯಾಗಿ ಬಂದಿರುವುದು ಹೊಸ ಸ್ಫೋಟಕಕ್ಕಿಂತ ಹೆಚ್ಚಾಗಿ ಈ ನಿಖರತೆ.

ಪರೀಕ್ಷೆಯಲ್ಲೂ ಬದಲಿ ಇದೆ. ಅಣುಸ್ಫೋಟದ ಗಾಳಿಯ ಹೊಡೆತ ಹೇಗಿರುತ್ತದೆ ಎಂದು ನೋಡಲು 1985ರ ಜೂನ್ 27ರಂದು ಅಮೆರಿಕ ನ್ಯೂ ಮೆಕ್ಸಿಕೋದಲ್ಲಿ 4,700 ಟನ್‌ಗೂ ಹೆಚ್ಚು ಸಾಮಾನ್ಯ ಸ್ಫೋಟಕ ಸಿಡಿಸಿತ್ತು.

ಇದರಲ್ಲಿ ಸಮಾಧಾನ ಎಷ್ಟು? ಸ್ವಲ್ಪ ಮಾತ್ರ. ವಿಕಿರಣ ಇಲ್ಲ ಎಂದ ಮಾತ್ರಕ್ಕೆ ಅಸ್ತ್ರ ಒಳ್ಳೆಯದಾಗುವುದಿಲ್ಲ. 1945ರ ಮಾರ್ಚ್ 9-10ರ ರಾತ್ರಿ ಟೋಕಿಯೋದ ಮೇಲೆ ಬಿದ್ದದ್ದು ಸಾಮಾನ್ಯ ಬೆಂಕಿ ಬಾಂಬುಗಳು. ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ ಸತ್ತರು. ಅಣುಬಾಂಬು ಹಾಕಲು ನಾಯಕರು ಹಿಂಜರಿಯುತ್ತಾರೆ, ಸಾಮಾನ್ಯ ಬಾಂಬಿಗೆ ಆ ಹಿಂಜರಿಕೆ ಇಲ್ಲ. ಗಾಝಾ, ಅಲೆಪ್ಪೊ, ಮರಿಯುಪೋಲ್ ನೆಲಸಮವಾದದ್ದು ಇಂಥ ‘ಸಾಮಾನ್ಯ’ ಸ್ಫೋಟಕಗಳಿಂದಲೇ. ಜನವಸತಿಯಲ್ಲಿ ಸ್ಫೋಟಕಾಸ್ತ್ರ ಬಳಕೆಗೆ ಕಡಿವಾಣ ಹಾಕುವ ಘೋಷಣೆಗೆ 2022ರ ನವೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ 80ಕ್ಕೂ ಹೆಚ್ಚು ದೇಶಗಳು ಒಪ್ಪಿದವು.

ಯುದ್ಧದಲ್ಲೂ ಹೆಂಗಸರು, ಮಕ್ಕಳು, ವೃದ್ಧರನ್ನು ಕೊಲ್ಲಬಾರದು, ಫಲ ಬಿಡುವ ಮರ ಕಡಿಯಬಾರದು ಎಂದು ಖಲೀಫ ಅಬೂಬಕರ್ (ರ) ಸೇನೆಗೆ ಸೂಚಿಸಿದ್ದನ್ನು ನಾವು ಮದ್ರಸದಲ್ಲಿ ಕೇಳಿದ್ದೇವೆ. ಆ ಅಳತೆಗೋಲಿನಲ್ಲಿ ಅಳೆಯಬೇಕಾದದ್ದು ಬಾಂಬಿನ ಜಾತಿಯನ್ನಲ್ಲ, ಅದು ಯಾರ ಮೇಲೆ ಬೀಳುತ್ತದೆ ಎಂಬುದನ್ನು.

ಗೋದಾಮಿನಲ್ಲಿ ಮಲಗಿರುವ ಅಪಾಯ

ಸಾಮಾನ್ಯ ಸ್ಫೋಟಕ ಕಿಲೋಟನ್ ಹತ್ತಿರ ಹೋದದ್ದು ಹೆಚ್ಚಾಗಿ ಯುದ್ಧದಲ್ಲಲ್ಲ, ಬಂದರಿನಲ್ಲಿ.

1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೈನ್’ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ ಇತ್ತು, ಜೊತೆಗೆ ಹತ್ತಿಯ ಮೂಟೆಗಳು. ಎರಡು ಸ್ಫೋಟಗಳಲ್ಲಿ 800ರಿಂದ 1,300 ಜನ ಸತ್ತರೆಂದು ಅಂದಾಜು. ಮುಂಬೈ ನಮ್ಮ ಕರಾವಳಿಯವರ ಹಳೆಯ ದುಡಿಮೆಯ ಊರು. ಆ ದಿನ ಸತ್ತ ಅಗ್ನಿಶಾಮಕರ ನೆನಪಿಗೇ ಈಗಲೂ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ.

2020ರ ಆಗಸ್ಟ್ 4ರಂದು ಬೈರೂತ್ ಬಂದರು. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿಯಿತು. 200ಕ್ಕೂ ಹೆಚ್ಚು ಜನ ಸತ್ತರು. ಆ ಬಿಳಿ ಮೋಡ ನೋಡಿ ಎಷ್ಟೋ ಜನ ‘ಅಣುಬಾಂಬು’ ಎಂದೇ ಬರೆದರು. ಅದು ಅಣುಬಾಂಬಲ್ಲ, ಅಧಿಕಾರಿಗಳ ನಿರ್ಲಕ್ಷ್ಯ.

ನಮ್ಮ ರಾಜ್ಯಕ್ಕೇ ಬನ್ನಿ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸ್ಫೋಟಕ ಸಿಡಿದು ಕನಿಷ್ಠ ಐವರು ಸತ್ತರು. ಪಕ್ಕದ ಜಿಲ್ಲೆಗಳಲ್ಲೂ ಜನ ಭೂಕಂಪವೆಂದು ಮನೆಯಿಂದ ಹೊರಗೆ ಓಡಿದರು. ತಿಂಗಳು ಕಳೆದಿತ್ತಷ್ಟೆ, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. 

ಯುವಕರು ತಿಳಿದಿರಬೇಕಾದದ್ದು

ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟು. 1884ರ ಸ್ಫೋಟಕಗಳ ಕಾಯ್ದೆ ಮತ್ತು 2008ರ ನಿಯಮಗಳ ಪ್ರಕಾರ ಸ್ಫೋಟಕ ತಯಾರಿಸಲು, ಇಡಲು, ಸಾಗಿಸಲು, ಬಳಸಲು ಪರವಾನಗಿ ಬೇಕು. ಇದನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಪೆಸೊ, ಮುಖ್ಯ ಕಚೇರಿ ನಾಗ್ಪುರ. ಅಮೋನಿಯಂ ನೈಟ್ರೇಟ್‌ಗೆ 2012ರಿಂದ ಪ್ರತ್ಯೇಕ ನಿಯಮ ಇದೆ. ಅಕ್ರಮವಾಗಿ ಇಟ್ಟುಕೊಂಡರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆಯಡಿ ಕೇಸು, ದೀರ್ಘ ಜೈಲು.

ಕೆಲವು ಸರಳ ಮಾತು:

- ಕೋರೆ, ರಸ್ತೆ ಕಾಮಗಾರಿ, ಬಾವಿ ಕೆಲಸಕ್ಕೆ ಹೋಗುವವರು ಮದ್ದು ಇಡುವ ವ್ಯಕ್ತಿಗೆ ಪರವಾನಗಿ ಉಂಟಾ ಎಂದು ಕೇಳಿ. ಕೇಳುವುದು ತಪ್ಪಲ್ಲ, ನಿಮ್ಮ ಹಕ್ಕು.
- ಲಾರಿ, ಪಿಕಪ್ ಓಡಿಸುವವರು ‘ಒಂದು ಬಾಕ್ಸ್ ಅಷ್ಟೆ, ಇಟ್ಕೊಳ್ಳಿ’ ಎಂದರೆ ಒಪ್ಪಬೇಡಿ. ಪರವಾನಗಿ ಇಲ್ಲದ ವಾಹನದಲ್ಲಿ ಸಾಗಿಸಿದರೆ ಜೀವಕ್ಕೂ ಅಪಾಯ, ಕೇಸೂ ನಿಮ್ಮ ಮೇಲೆ.
- ಕಡ್ಡಿ, ವೈರು, ಸಿಡಿಯದೆ ಉಳಿದ ಮದ್ದು ಎಲ್ಲಾದರೂ ಕಂಡರೆ ಮುಟ್ಟಬೇಡಿ. ದೂರ ನಿಂತು, ಇತರರನ್ನೂ ದೂರ ನಿಲ್ಲಿಸಿ 112ಕ್ಕೆ ಫೋನ್ ಮಾಡಿ.
- ಸ್ಫೋಟಕ ತಯಾರಿಸುವ ವಿಡಿಯೋ ಬಂದರೆ ಹಂಚಬೇಡಿ. ಕುತೂಹಲ ಅಂತ ನೀವು ಹೇಳಿದರೂ ನಾಳೆ ವಿಚಾರಣೆ ಎದುರಿಸುವವರು ನೀವೇ, ಕೋರ್ಟಿಗೆ ಅಲೆಯುವವರು ನಿಮ್ಮ ಮನೆಯವರು.

ಕೊನೆಗೆ

ಅಣುಬಾಂಬಿನಷ್ಟು ಶಕ್ತಿಯ ಸಾಮಾನ್ಯ ಬಾಂಬು ಇಲ್ಲ, ಬರುವುದೂ ಇಲ್ಲ. ಬಂಡೆ ಒಡೆಯುವ ಕೆಲಸಕ್ಕೆ ಅಣುಸ್ಫೋಟ ಬೇಕಾಗಿಯೇ ಇರಲಿಲ್ಲ ಎಂಬುದನ್ನು ಮೆಡೆಯೊ, ಕೊಯ್ನಾ ತೋರಿಸಿವೆ. ಯುದ್ಧದ ಕೆಲಸಕ್ಕೆ ಎರಡೂ ಮನುಷ್ಯರನ್ನೇ ಸುಡುತ್ತವೆ, ಒಂದು ಬೇಗ, ಇನ್ನೊಂದು ಮತ್ತೆ ಮತ್ತೆ.

ಮುಂದಿನ ಸಲ ಅಂಥ ವಿಡಿಯೋ ಬಂದಾಗ ಒಂದೇ ಪ್ರಶ್ನೆ ಕೇಳಿ: ಎಷ್ಟು ಟನ್? ಆ ಸಂಖ್ಯೆಯನ್ನು 15,000ದ ಪಕ್ಕದಲ್ಲಿ ಇಟ್ಟು ನೋಡಿ. ಆಮೇಲೆ ಫಾರ್ವರ್ಡ್ ಮಾಡಬೇಕಾ ಬೇಡವಾ ಎಂದು ನಿಮಗೇ ಗೊತ್ತಾಗುತ್ತದೆ.